ಬೇರಿನಡಿ ನೀರಿರಲಿ

ನಮ್ಮವರ ಎಡ ದವಡೆ ಊದಿಕೊಂಡಾಗಲೆಲ್ಲ ಮನೆಯಲ್ಲಿ ವೈದ್ಯನೆಂದರೆ ಸೂಟ್‌ಕೇಸು. ಮೈಸೂರಿನಿಂದ ಪರ್ತ್‌ಗೆ ಯಾರೇ ಬರಲಿ, ಚಟ್ನಿಪುಡಿಯ ಪಕ್ಕದಲ್ಲಿ ಒಂದಿಷ್ಟು ಆ್ಯಂಟಿಬಯೋಟಿಕ್ ಮಾತ್ರೆ ತರಲೇಬೇಕು. ನುಂಗಿದರೆ ಊತ ಇಳಿಯುತ್ತಿತ್ತು. ಊರಿಗೆ ಹೋದಾಗ ನಮ್ಮ ಡಾಕ್ಟರಿಗೇ ತೋರಿಸಿದರಾಯಿತು ಎನ್ನುತ್ತಿದ್ದರು. ಊರಿಗೆ ಹೋದರೆ ಮದುವೆ, ಗೃಹಪ್ರವೇಶ, ಹೋಳಿಗೆ; ಹಲ್ಲಿನ ನೆನಪಾಗುತ್ತಿದ್ದುದು ವಾಪಸು ಬರುವ ವಿಮಾನದಲ್ಲಿ. ಹ್ಯಾರಿಸ್‌ಡೇಲಿನ ನಮ್ಮ ಬೀದಿಯಲ್ಲಿ ಹೀಗೆ ಮಾಡದ ಕನ್ನಡದವರ ಮನೆಯೇ ಇಲ್ಲ. ಅವರಿಗೆಲ್ಲ ದಕ್ಕಿತು, ನಮಗೆ ದಕ್ಕಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಸಲ ಊತ ಇಳಿಯಲಿಲ್ಲ, ಕೆಳತುಟಿ ಜೋಮು ಹಿಡಿಯಿತು. ಎಕ್ಸ್‌ರೇಯಲ್ಲಿ ಹಲ್ಲಿನ ಬೇರಿನ ಸುತ್ತ ತೂತಿನಂಥ ನೆರಳು ಕಂಡಿತು. ಅದರೊಳಗೆ ಏನಿದೆಯೆಂದು ಎಕ್ಸ್‌ರೇ ಹೇಳುವುದಿಲ್ಲ, ಅಲ್ಟ್ರಾಸೌಂಡ್ ಮಾಡೋಣ ಎಂದರು ಡಾಕ್ಟರು. ನೀರಿದ್ದರೆ ಕಪ್ಪಗೆ ಕಾಣುತ್ತದೆ, ತೆಗೆದು ಸ್ವಚ್ಛ ಮಾಡಿದರೆ ಮುಗಿಯಿತು. ಗಟ್ಟಿ ಗಡ್ಡೆಯಾದರೆ ಬೂದು; ಅದರಲ್ಲಿ ರಕ್ತ ಹರಿಯುತ್ತಿದ್ದರೆ ಕೆಂಪು, ನೀಲಿ ಬಣ್ಣ ಮೂಡುತ್ತದೆ, ಆಗ ತುಣುಕು ತೆಗೆದು ಪರೀಕ್ಷಿಸಬೇಕು. ಕೆಟ್ಟದ್ದಾಗಿದ್ದರೆ ದವಡೆಯನ್ನೇ ಕತ್ತರಿಸಬೇಕಾದೀತು, ಆಮೇಲೆ ಮಾತು ಈಗಿನಂತೆ ಇರುವುದಿಲ್ಲ. ನಾನು ಎಲ್ಲ ದೇವರಿಗೂ ನೀರನ್ನೇ ಬೇಡಿಕೊಂಡೆ.

ಅಲ್ಟ್ರಾಸೌಂಡ್ ಎಂದರೆ ನನಗೆ ಗೊತ್ತಿದ್ದದ್ದು ಬಸುರಿಯರದ್ದು. ನಮ್ಮವರಿಗೆ ಅದು ಹೊಟ್ಟೆಪಾಡು. ವೆಲ್ಷ್‌ಪೂಲ್‌ನ ಕಾರ್ಖಾನೆಯೊಂದರಲ್ಲಿ ಉಕ್ಕಿನ ಬೆಸುಗೆಯ ಮೇಲೆ ಜೆಲ್ ಹಚ್ಚಿ, ಒಳಗೆ ಬಿರುಕಿದೆಯೇ ಎಂದು ಇದೇ ಶಬ್ದದಿಂದ ಪರೀಕ್ಷಿಸುವುದು ಅವರ ಕೆಲಸ. ಅವತ್ತು ಜೆಲ್ ಅವರ ಕೆನ್ನೆಗೇ ಬಿತ್ತು.

ಯಂತ್ರ ಹಿಡಿದಿದ್ದ ಹುಡುಗಿ ಬಿಸಿಲಿನ ಬಗ್ಗೆ ಹರಟುತ್ತಿದ್ದವಳು ಮಾತನ್ನು ಅರ್ಧಕ್ಕೇ ಬಿಟ್ಟು ಪರದೆಯತ್ತ ಬಾಗಿದಳು. ಪರದೆಯ ಮೇಲೆ ಕಪ್ಪು ಇರಲಿಲ್ಲ, ಬೂದು ಬಣ್ಣವಿತ್ತು. ಅವಳು ಏನನ್ನೋ ಒತ್ತಿದಳು. ಬೂದು ಬಣ್ಣದ ನಡುವೆ ಕೆಂಪು, ನೀಲಿ ಮಿಣುಕತೊಡಗಿದವು. ಪರದೆ ತಿರುಗಿಸಲು ಇವರು ಕೇಳಿಕೊಂಡರು, ಒಮ್ಮೆ ನೋಡಿ ಕಣ್ಣು ಮುಚ್ಚಿದರು.

ಕಾರಿನಲ್ಲಿ ಕೂತ ಮೇಲೆ ಏನಾದರೂ ಒಳ್ಳೆಯದು ಹೇಳಬೇಕೆಂದು, ಚಿತ್ರ ಎಷ್ಟು ಸ್ಪಷ್ಟವಾಗಿ ಬಂತು ಎಂದೆ.

"ಅದಕ್ಕೇ ಕಣೇ ಭಯ," ಎಂದರು. "ಎಲುಬು ಗಟ್ಟಿಯಾಗಿದ್ದಿದ್ರೆ ಸೌಂಡು ಒಳಗೇ ಹೋಗ್ತಿರ್ಲಿಲ್ಲ, ಏನೂ ಕಾಣ್ತಿರ್ಲಿಲ್ಲ. ಹೊರಗಡೆ ಗೋಡೇನೇ ತಿಂದ್ಹಾಕ್ಬಿಟ್ಟಿದೆ."

ಬಣ್ಣ ಕಂಡರೆ ಕೆಟ್ಟದ್ದೇ ಎಂದೇನಿಲ್ಲ, ತುಣುಕಿನ ಪರೀಕ್ಷೆಯಾಗಲಿ ಎಂದೆ. ನನ್ನ ಮಾತನ್ನು ನಾನೇ ನಂಬಲಿಲ್ಲ. ಮುಂದೆ ಆ ಪರೀಕ್ಷೆಯೂ ಕೆಟ್ಟದ್ದೆಂದೇ ಹೇಳಿತು.

ಅವತ್ತು ದಾರಿಯಲ್ಲಿ ಮಗಳನ್ನು ಶಾಲೆಯಿಂದ ಹತ್ತಿಸಿಕೊಂಡೆವು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಳಗೆ ಇದ್ದದ್ದು ನೀರು ತಾನೇ ಎಂದು ಕೇಳಿದಳು.

"ನೀರೇ, ಪುಟ್ಟಿ," ಎಂದರು.

ಆಮೇಲೆ ಅವಳ ಗಣಿತದ ಟೀಚರ್ ಬಗ್ಗೆ, ತಾವು ಚಿಕ್ಕಂದಿನಲ್ಲಿ ಕೆರೆಗೆ ಬಿದ್ದದ್ದು, ಅಜ್ಜಿಯ ಗೊರಕೆ, ಹೀಗೆ ಒಂದರ ಹಿಂದೊಂದು ಹೇಳುತ್ತಲೇ ಹೋದರು. ಕೇಳಿದ್ದಕ್ಕೆ ಎರಡು ಮಾತಿನಲ್ಲಿ ಉತ್ತರ ಮುಗಿಸುವ ಮನುಷ್ಯ. ಮಗಳು ನಗುತ್ತಿದ್ದಳು. ಮನೆಯ ತಿರುವು ಬಂತು. ಅವರ ಮಾತು ಇನ್ನೂ ಮುಗಿದಿರಲಿಲ್ಲ; ನಾನು ಕಾರು ತಿರುಗಿಸದೆ ಮುಂದಕ್ಕೆ ಹೋದೆ.