ಹಸೆಗೋಡೆಗೆ ಬಂದ ಕರೆಂಟು ಕಂಬ

ನಾನು ಡ್ರಾಯಿಂಗ್ ಮೇಷ್ಟ್ರು. ಸ್ಕೇಲಿಲ್ಲದೆ ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲಾರೆ. ಸಾಗರದ ನಮ್ಮ ಶಾಲೆಯಲ್ಲಿ ಈ ಗುಟ್ಟು ಯಾರಿಗೂ ಗೊತ್ತಿಲ್ಲ. ನಿಮಗೆ ಹೇಳಿದ್ದೇನೆ, ಹೊಟ್ಟೆಯಲ್ಲಿಟ್ಟುಕೊಳ್ಳಿ.

ನಮ್ಮಲ್ಲಿ ಮದುವೆಯೆಂದರೆ ವಧೂವರರು ಕೂರುವ ಜಾಗದ ಹಿಂದಿನ ಗೋಡೆಗೆ ಹಸೆ ಚಿತ್ತಾರ ಬರೆಯಲೇಬೇಕು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ ಗೆರೆ, ಪುಂಡಿನಾರಿನ ಕುಂಚ. ನನ್ನ ಮದುವೆಗೆ ಬರೆಯಲು ಕಾರ್ಗಲ್ಲಿನಿಂದ ಚಿಕ್ಕಮ್ಮ ಬಂದಳು. ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಜೋಗದ ಕರೆಂಟು ತಂತಿ ಹೊತ್ತ ದೊಡ್ಡ ಕಬ್ಬಿಣದ ಕಂಬಗಳನ್ನು ಕಂಡು ಅವಳಿಗೆ ಸಿಟ್ಟೇ ಬಂದಿತ್ತು.

“ನಮ್ಮ ಚಿತ್ತಾರ ಕದ್ದಾರೆ ಮಾರಾಯ. ಅದೇ ಅಡ್ಡಗೆರೆ, ಅದೇ ಓರೆಗೆರೆ. ಕಬ್ಬಿಣದಾಗೆ ಮಾಡಿದ್ರೆ ಗೊತ್ತಾಗಲ್ಲ ಅಂದ್ಕಂಡಾರೆ” ಎಂದಳು. ಕದ್ದ ಮಾಲನ್ನು ವಾಪಸು ತರುವವಳಂತೆ, ಚಿತ್ತಾರದಲ್ಲಿ ಮದುಮಕ್ಕಳು ಕೂತ ದಂಡಿಗೆಯೆಂಬ ಪಲ್ಲಕ್ಕಿಯ ಪಕ್ಕದಲ್ಲೇ ಒಂದು ಕಂಬ ಬರೆದುಬಿಟ್ಟಳು.

ನನ್ನ ಜೀವ ಬಾಯಿಗೆ ಬಂತು. ಹೆಣ್ಣಿನ ಕಡೆಯವರು ಹೊಸನಗರದಾಚೆಯ ಹಳ್ಳಿಯವರು, ಹೆಂಗಸರೆಲ್ಲ ಚಿತ್ತಾರದಲ್ಲಿ ಪಳಗಿದ ಕೈಗಳು. ಡ್ರಾಯಿಂಗ್ ಮೇಷ್ಟ್ರ ಮನೆಯ ಗೋಡೆ ನೋಡಿ ಅವರು ನಕ್ಕರೆ ಮದುಮಗಳ ಮುಂದೆ ನಾನು ತಲೆಯೆತ್ತುವುದು ಹೇಗೆ? ಸಾಲದ್ದಕ್ಕೆ ಕಂಬ ಒಂದು ಬದಿಗೆ ವಾಲಿತ್ತು. ಚಿಕ್ಕಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ, ಒಂದು ಗೆರೆಗೆ ಕೆಮ್ಮಣ್ಣು ಸವರಿ ಮುಚ್ಚಿ, ಸ್ಕೇಲಿಟ್ಟು ನೆಟ್ಟಗೆ ಎಳೆದೆ.

ಈಗ ಯೋಚಿಸಿದರೆ, ಆ ದಂಡಿಗೆಯನ್ನೂ ಎಂದೋ ಒಬ್ಬ ಅಜ್ಜಿ ದಾರಿಯಲ್ಲಿ ಕಂಡು ಬೆರಗಾಗಿ ಗೋಡೆಗೆ ತಂದಿರಬೇಕು. ಆಗಲೂ ನನ್ನಂಥ ಒಬ್ಬ ಮದುಮಗ ಬೆವರಿರಬೇಕು. ನನ್ನ ಮದುವೆಗೆ ಎಲ್ಲರೂ ಬಂದದ್ದು ಬಸ್ಸಿನಲ್ಲಿ. ಗೋಡೆಯಲ್ಲಿ ದಂಡಿಗೆ ಯಾಕೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಹುಡುಗಿಯ ಅಜ್ಜಿ ಕಂಬದ ಮುಂದೆ ಬಹಳ ಹೊತ್ತು ನಿಂತಳು. “ನಮ್ಮೂರಿಗೆ ಇನ್ನೂ ಕರೆಂಟಿಲ್ಲ. ಇಲ್ಲಾದ್ರೂ ಬಂತಲ್ಲ” ಎಂದಳು. ಬದುಕಿದೆ ಎಂದುಕೊಂಡು ಹಸೆಗೆ ಕೂತೆ. ಪಕ್ಕದಲ್ಲಿ ಕೂತವಳು ಗೋಡೆಯ ಕಡೆ ಒಮ್ಮೆ ತಿರುಗಿ, ನನ್ನೊಡನೆ ಮೊದಲ ಮಾತಾಡಿದಳು. “ಕಂಬ ಚೆಂದ ಐತೆ. ಒಂದು ಗೆರೆ ಮಾತ್ರ ಯಾರೋ ಹೆದರ್ಕಂಡು ಎಳದಾರೆ.”

ಯಾರು ಎಂದು ನನ್ನ ಮುಖ ಹೇಳಿರಬೇಕು.

ಮರುವರ್ಷ ನನ್ನ ತಂಗಿಯ ಮದುವೆಗೆ ಚಿತ್ತಾರ ಬರೆದದ್ದು ನನ್ನವಳು. ಕೊನೆಯ ಗೆರೆ ಉಳಿದಾಗ ಕುಂಚವನ್ನು ನನ್ನ ಕೈಗಿಟ್ಟಳು. ನಾನು ಸ್ಕೇಲು ಹುಡುಕಿದೆ.

“ಬಚ್ಚಲ ಒಲೆಗೆ ಹಾಕಿದೆ” ಎಂದಳು.

ವಿಧಿಯಿಲ್ಲದೆ ಬರಿಗೈಯಲ್ಲಿ ಎಳೆದೆ. ಗೆರೆ ಸೊಟ್ಟಗಾಯಿತು. ನಾಚಿಕೆಯಿಂದ ಮುಚ್ಚಹೋದರೆ ಅವಳು ನನ್ನ ಕೈ ಹಿಡಿದುಕೊಂಡಳು.

“ಇರ್ಲಿ ಬಿಡಿ. ಇದು ನಿಮ್ಮದೇ ಅಂತ ಗೊತ್ತಾಗ್ತೈತೆ.”