ಅಮ್ಮ ಬಂದಳೋ, ವಯಸ್ಸು ಬಂತೋ

ನಮ್ಮ ಸಿಂಗಟಗೆರೆಯಲ್ಲಿ ಮಾಗಿಯ ಚಳಿ ಸುಮಾರಾಗಿಯೇ ಬೀಳುತ್ತದೆ. ಅಂಥ ಚಳಿಯಲ್ಲಿ ಬೆಳಗಿನ ಜಾವ ಎದ್ದು ಫ್ಯಾನ್ ಹಾಕಿದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ನಮ್ಮ ಮನೆಯವರು ಕಂಬಳಿಯೊಳಗಿಂದ ಮೂಗು ಮಾತ್ರ ಹೊರಗೆ ಹಾಕಿ, "ಏನೇ ಇದು, ನನ್ನ ಸಾಯಿಸ್ಬೇಕು ಅಂತಿದೀಯಾ?" ಎಂದರು. ಅವರಿಗೇನು ಉತ್ತರ ಹೇಳಲಿ? ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಯಾರೋ ಒಲೆ ಹೊತ್ತಿಸಿದ ಹಾಗೆ ಕಾವು ಏರುತ್ತದೆ, ಹಣೆಯಲ್ಲಿ ಬೆವರು ಕಿತ್ತುಕೊಳ್ಳುತ್ತದೆ, ಎದೆ ಡವಡವ ಎನ್ನುತ್ತದೆ. ಇನ್ನೊಂದು ಗಳಿಗೆಗೆ ಏನೂ ಆಗಿಲ್ಲವೆಂಬಂತೆ ತಣ್ಣಗಾಗಿ, ಅದೇ ಕಂಬಳಿಯ ಒಂದು ಅಂಚು ನನಗೂ ಬೇಕಾಗುತ್ತದೆ.

ಮೊದಮೊದಲು ಹೃದಯದ ಕಾಯಿಲೆಯೆಂದೇ ಹೆದರಿದ್ದೆ. ಕಡೂರಿನ ಲೇಡಿ ಡಾಕ್ಟರು ಇಸಿಜಿ ತೆಗೆಸಿ, ರಕ್ತ ನೋಡಿ, "ಹೃದಯ ಗಟ್ಟಿಮುಟ್ಟಾಗಿದೆ. ಮುಟ್ಟು ನಿಲ್ಲುವ ವಯಸ್ಸು, ಹಾರ್ಮೋನು ಏರುಪೇರಾಗುತ್ತೆ. ನಡೀರಿ, ಹೊತ್ತಿಗೆ ಸರಿಯಾಗಿ ಮಲಗಿ, ಕಾಫಿ ಕಮ್ಮಿ ಮಾಡಿ. ಸಹಿಸೋಕಾಗದಷ್ಟು ಆದ್ರೆ ಬನ್ನಿ, ಅದಕ್ಕೂ ಔಷಧಿ ಇದೆ" ಎಂದರು. ದೇವರು ದೊಡ್ಡವನು. ಅಷ್ಟು ದಿನ ಎದೆ ಹಿಡಿದುಕೊಂಡು ಓಡಾಡಿದವಳು ಬಸ್‌ ಸ್ಟ್ಯಾಂಡಿನಲ್ಲಿ ನೆಮ್ಮದಿಯಾಗಿ ಒಂದು ಲೋಟ ಕಾಫಿ ಕುಡಿದೆ. ಕಮ್ಮಿ ಮಾಡುವುದನ್ನು ಮಾರನೆಯ ದಿನದಿಂದ ಶುರುಮಾಡಿದೆ.

ವಿಷಯ ತರೀಕೆರೆಯ ನಾದಿನಿಯ ಕಿವಿಗೆ ಬಿದ್ದದ್ದೇ ತಡ, ಅವಳ ವಾಟ್ಸಾಪ್ ವೈದ್ಯ ಆರಂಭವಾಯಿತು. "ಅತ್ತಿಗೆ, ಅಗಸೆ ತಿನ್ನಿ. ಅತ್ತಿಗೆ, ಮೆಂತ್ಯ ನೆನೆಹಾಕಿ. ಅತ್ತಿಗೆ, ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೀರಿ." ನಮ್ಮೂರಿನಲ್ಲಿ ಹುಲ್ಲು ಇರುವ ಕಡೆ ದನ ಇರುತ್ತವೆ, ದನ ಇರುವ ಕಡೆ ಬರಿಗಾಲಲ್ಲಿ ನಡೆದರೆ ಏನು ಮೆಟ್ಟುತ್ತೇವೆಂದು ಅವಳಿಗೇನು ಗೊತ್ತು. ಆದರೂ ಅಗಸೆ ಚಟ್ನಿಪುಡಿ ಮುದ್ದೆಯ ಜೊತೆ ರುಚಿಯಾಗಿತ್ತು. ಹಾರ್ಮೋನಿಗೆ ಎಷ್ಟು ಒಳ್ಳೆಯದಾಯಿತೋ ಕಾಣೆ, ಬೆಳಿಗ್ಗೆ ಹೊಟ್ಟೆ ಸಲೀಸಾಯಿತು. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೆ.

ನಡು ವಯಸ್ಸು ಪಿತ್ತದ್ದು, ಮುಪ್ಪು ವಾತದ್ದು ಎಂದು ಹಿಂದಿನವರು ಹೇಳುತ್ತಿದ್ದರು. ಸೂರ್ಯ ದಿಕ್ಕು ಬದಲಿಸುವಾಗ ನಾವು ಎಳ್ಳು ಬೀರಿ ಹಬ್ಬ ಮಾಡುತ್ತೇವೆ. ಹೆಂಗಸಿನ ಮೈ ದಿಕ್ಕು ಬದಲಿಸುವಾಗ ಮಾತ್ರ ಯಾರೂ ಎಳ್ಳು ಬೀರುವುದಿಲ್ಲ, ಬಾಯೂ ಬಿಡುವುದಿಲ್ಲ. ನನ್ನತ್ತೆ ಈ ಕಾಲವನ್ನು ಹೇಗೆ ದಾಟಿದರೋ ನನಗೆ ಗೊತ್ತಿಲ್ಲ. ಆ ವರ್ಷಗಳಲ್ಲಿ ಅವರು ಸಿಡಿಮಿಡಿ ಎನ್ನುತ್ತಿದ್ದರೆಂಬುದು ಮಾತ್ರ ನೆನಪಿದೆ. ಸೊಸೆಯಾಗಿ ಅದೆಲ್ಲ ನನ್ನ ಸಾರಿನ ದೋಷವೆಂದು ತಿಳಿದಿದ್ದೆ.

ಹೀಗಿರುವಾಗ ಒಂದು ಶುಕ್ರವಾರ ಅಮ್ಮನ ಗುಡಿಯಲ್ಲಿ ಪೂಜೆ. ಕಿಟಕಿಯಿಲ್ಲದ ಪುಟ್ಟ ಗುಡಿ, ತುಂಬ ಹೆಂಗಸರು, ಸಾಂಬ್ರಾಣಿ ಹೊಗೆ. ಮಂಗಳಾರತಿ ಎತ್ತಿದ ಹೊತ್ತಿಗೆ ಸರಿಯಾಗಿ ನನ್ನ ಒಲೆ ಹೊತ್ತಿಕೊಂಡಿತು. ಮುಖ ಕೆಂಪಾಗಿ, ಬೆವರು ಇಳಿದು, ಕೈಯಲ್ಲಿದ್ದ ತಟ್ಟೆ ನಡುಗಿತು. ತಲೆ ಸುತ್ತಿದಂತಾಗಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದೆ. "ಅಮ್ಮ ಬಂದ್ಲು, ದಾರಿ ಬಿಡ್ರೇ" ಎಂದು ಯಾರೋ ಕೂಗಿದರು. ಕಣ್ಣು ಬಿಟ್ಟರೆ ನನ್ನ ಹಣೆಯ ತುಂಬ ಕುಂಕುಮ, ಕಾಲ ಬಳಿ ಎದುರು ಮನೆಯ ಜಯಕ್ಕ.

ಜಯಕ್ಕ ನನಗಿಂತ ಹಿರಿಯಳು. ಅಂಥವಳು ನನ್ನ ಪಾದ ಹಿಡಿದು, ಬೇರೆಯವರಿಗೆ ಕೇಳದಂತೆ ಪಿಸುಗುಟ್ಟಿದಳು: "ತಾಯಿ, ನಿಂತು ಎಷ್ಟೋ ವರ್ಷ ಆಗಿತ್ತು, ಈಗ ಮತ್ತೆ ರಕ್ತ ಹೋಗ್ತೈತೆ. ತಂಬಿಟ್ಟಿನಾರತಿ ಎತ್ತಿದ್ರೆ ನಿಲ್ತದಾ?"

ನನ್ನ ಕಾವೆಲ್ಲ ಅಲ್ಲೇ ಇಳಿದುಹೋಯಿತು. ನಿಂತ ಮೇಲೆ ಮತ್ತೆ ಕಾಣಿಸಿಕೊಂಡರೆ ಒಂದು ದಿನವೂ ತಡ ಮಾಡಬಾರದು, ಅದಕ್ಕೆ ಮನೆಮದ್ದು ಸಾಲದು ಎಂದು ಡಾಕ್ಟರು ನನಗೆ ಅವತ್ತೇ ಒತ್ತಿ ಹೇಳಿದ್ದರು. 'ನಾನು ಅಮ್ಮನಲ್ಲ, ಸರೋಜ' ಎಂದು ಮೊದಲು ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ: "ಆರತಿ ಆಮೇಲೆ. ನಾಳೆನೇ ಕಡೂರಿಗೆ ಹೋಗಿ ಡಾಕ್ಟರಿಗೆ ತೋರ್ಸು."

ಹಿಂದಿನಿಂದ ಯಾರೋ ಭಕ್ತಿಯಿಂದ, "ಯಾವ ಡಾಕ್ಟರಿಗೆ ತಾಯಿ?" ಎಂದು ಕೇಳಿದರು. ನಾನು ಉಟ್ಟ ಸೀರೆಯಲ್ಲೇ ಮನೆಗೆ ಓಡಿಬಂದೆ.

ಮಾರನೆಯ ದಿನವೇ ಜಯಕ್ಕ ಗಂಡನ ಜೊತೆ ಕಡೂರಿಗೆ ಹೋದಳು. ಗರ್ಭಕೋಶದಲ್ಲಿ ಏನೋ ಬೆಳೆದಿದೆಯೆಂದು ಅದನ್ನು ತೆಗೆದು, ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಕೆಟ್ಟದ್ದೇನಾದರೂ ಬಂದರೆ ಎಂಬ ಭಯ ಒಂದು ಕಡೆ, ಅಮ್ಮನ ಹೆಸರಿನಲ್ಲಿ ಮಾತಾಡಿದೆನಲ್ಲ ಎಂಬ ಅಳುಕು ಇನ್ನೊಂದು ಕಡೆ. ದೀಪ ಹಚ್ಚುವಾಗ, 'ತಾಯಿ, ತಪ್ಪು ನನ್ನದು, ಅವಳಿಗೆ ಏನೂ ಮಾಡಬೇಡ' ಎಂದು ಬೇಡಿಕೊಳ್ಳುತ್ತಿದ್ದೆ.

ಕೊನೆಗೆ ಒಂದು ಮಧ್ಯಾಹ್ನ ಜಯಕ್ಕ ನಮ್ಮ ಜಗುಲಿಗೆ ಬಂದು ಧೊಪ್ಪೆಂದು ಕೂತಳು. "ಕ್ಯಾನ್ಸರ್ ಅಲ್ವಂತೆ ಕಣೇ. ಬಿಟ್ಟಿದ್ರೆ ಏನಾಗ್ತಿತ್ತೋ, ಹೊತ್ತಿಗೆ ಬಂದ್ರಿ ಅಂದ್ರು."

ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಆಮೇಲೆ ನಾನು, "ಜಯಕ್ಕ, ಅವತ್ತು ನನ್ನ ಮೈಮೇಲೆ ಅಮ್ಮ ಬಂದಿರ್ಲಿಲ್ಲ. ಬಂದಿದ್ದು ವಯಸ್ಸು" ಎಂದೆ.

ಜಯಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಂಗೊತ್ತಿಲ್ವೇನೇ? ನಾನೂ ಆ ಬೆವರು ಬೆವರಿ ಬಂದೋಳೇ ಅಲ್ವಾ? ಎರಡು ತಿಂಗ್ಳಿಂದ ಆಸ್ಪತ್ರೆ ಅಂದ್ರೆ ನಮ್ಮನೇವ್ರು, ಕಾಯಿ ಸುಲಿಯೋದು ಮುಗೀಲಿ, ಮುಗೀಲಿ ಅಂತಿದ್ರು. ಅಮ್ಮ ಹೇಳೌಳೆ ಅಂದೆ ನೋಡು, ಬೆಳಗಾಗೋದ್ರೊಳ್ಗೆ ಆಟೋ ತಂದು ನಿಲ್ಸಿದ್ರು."

ಅನ್ನ ಬಿಟ್ಟು ಬೇಡಿಕೊಂಡಿದ್ದೆಲ್ಲ ನೆನೆದು ನನಗೆ ಸ್ವಲ್ಪ ಸಿಟ್ಟು ಬಂತು. ಅದು ಹಾರ್ಮೋನಿನದ್ದಲ್ಲ, ನನ್ನದೇ.

ಈಗಲೂ ಗುಡಿಯಲ್ಲಿ ನನಗೆ ಕಾವು ಏರಿದಾಗ ಹೆಂಗಸರು ನನ್ನನ್ನೇ ನೋಡುತ್ತಾರೆ. "ವಯಸ್ಸು ಕಣ್ರಮ್ಮ, ಒಂಚೂರು ಗಾಳಿ ಬಿಡಿ" ಎನ್ನುತ್ತೇನೆ. ನಕ್ಕು, ಜರುಗಿ, ಒಬ್ಬೊಬ್ಬರಾಗಿ ತಮ್ಮ ತಮ್ಮ ಬೆವರಿನ ಕಥೆಯನ್ನು ಹೇಳತೊಡಗುತ್ತಾರೆ.

ಮೊನ್ನೆ ಜಯಕ್ಕನ ಯಜಮಾನರು ಬಾಗಿಲಿಗೆ ಬಂದು ಕೈಮುಗಿದು ನಿಂತರು. "ಡಾಕ್ಟರು ಇನ್ನೊಂದ್ಸಲ ತೋರ್ಸಿ ಅಂದವ್ರೆ ಕಣವ್ವಾ. ಈಗ ಚೆನ್ನಾಗೇ ಔಳಲ್ಲ, ಹೋಗ್ಲೇಬೇಕಾ?"

"ಹೋಗ್ಲೇಬೇಕು" ಎಂದೆ.

ಹೇಳುತ್ತಿರುವವರು ಯಾರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ದೇವರ ಕೋಣೆಯಲ್ಲಿ ಅಮ್ಮನೂ ಸುಮ್ಮನೆ ಕೂತಿದ್ದಳು.