ಪಣಕಹಳ್ಳಿಯ ಸಾಧು ಕೂಸು

ಎರಡು ವರ್ಷದ ಹಿಂದಿನ ಮಾತು. ಫಿಸಿಯೋಥೆರಪಿಸ್ಟ್ ಕೆಲಸದಿಂದ ನಿವೃತ್ತಳಾದ ಮೇಲೆ ತಿಂಗಳಿಗೊಮ್ಮೆ ತಾಳವಾಡಿಯ ಮಕ್ಕಳ ಆರೋಗ್ಯ ಶಿಬಿರಕ್ಕೆ ಹೋಗುತ್ತಿದ್ದೆ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಚಲನೆ ನೋಡುವುದು ನನ್ನ ಪಾಲಿನ ಕೆಲಸ.

ಮೂರರಿಂದ ಐದು ತಿಂಗಳ ಮಗು ಎಚ್ಚರವಿದ್ದು, ಅಳದೆ ಅಂಗಾತ ಮಲಗಿದ್ದರೆ ಕತ್ತು, ಭುಜ, ಮಣಿಕಟ್ಟು, ಪಾದಗಳಲ್ಲಿ ಸಣ್ಣ ಚಲನೆ ಹರಿದಾಡುತ್ತಲೇ ಇರುತ್ತದೆ. ಇದು ಫಿಜೆಟಿ ಮೂವ್‌ಮೆಂಟ್ಸ್. ಕಾಣದಿದ್ದರೆ ಸೆರೆಬ್ರಲ್ ಪಾಲ್ಸಿಯ, ಅಂದರೆ ಮಿದುಳಿನ ಪೆಟ್ಟಿನಿಂದ ಕೈಕಾಲಿನ ಹಿಡಿತ ತಪ್ಪುವ ತೊಂದರೆಯ, ಅಪಾಯ ಹೆಚ್ಚು. ಆ ವಯಸ್ಸು ದಾಟಿದರೆ ಈ ಪರೀಕ್ಷೆ ನಡೆಯದು.

ಪಣಕಹಳ್ಳಿಯ ಮಂಗಳಾ ದಿನ ತುಂಬದೆ ಹುಟ್ಟಿದ ತನ್ನ ಮಗುವನ್ನು ಆ ಸಲ ಶಿಬಿರಕ್ಕೆ ತರಲಿಲ್ಲ. ಮುಂದಿನ ತಿಂಗಳಿಗೆ ವಯಸ್ಸು ಮೀರುತ್ತಿತ್ತು. ಹೇಳಿ ಕಳಿಸಿ ನಾನೇ ಹೋದೆ.

ಬಾಗಿಲಲ್ಲೇ ಅವಳ ಅತ್ತೆ ಶಿವಮಲ್ಲಮ್ಮ ಹಿಗ್ಗಿನಿಂದ ಹೇಳಿದರು: “ಬನ್ನಿ ಡಾಕ್ಟ್ರವ್ವ. ನೀವು ಬತ್ತೀರಿ ಅಂತ ಎಣ್ಣೆನೀರು ಆಕಿ, ಸಾಂಬ್ರಾಣಿ ಇಕ್ಕಿ ಮನಗ್ಸಿವ್ನಿ. ಬೋ ಸಾದು ಕೂಸು. ಕೈಕಾಲೇ ಆಡ್ಸಕಿಲ್ಲ.”

ಆ ಕೊನೆಯ ಮಾತು ಕೇಳಿ ನನಗೆ ದಿಗಿಲಾಯಿತು. ಆದರೆ ಮಗುವಿಗೆ ಎಣ್ಣೆನೀರಿನ ನಿದ್ದೆ. ಎಬ್ಬಿಸಿದರೆ ಅಳು, ಅತ್ತರೆ ಪರೀಕ್ಷೆ ಕೆಟ್ಟಿತು. ಯಾವ ಚಲನೆ ನೋಡಬೇಕೆಂದು ಮಂಗಳಾಗೆ ವಿವರಿಸುತ್ತ ಕಾದೆ. ನಾನು ಹತ್ತಬೇಕಿದ್ದ ಬಸ್ಸು ಹೋಯಿತು.

ಮಧ್ಯಾಹ್ನ ಇಳಿದ ಮೇಲೆ ಮಗು ಕಣ್ಣು ಬಿಟ್ಟಿತು. ಬಟ್ಟೆ ಬಿಚ್ಚಿ ಚಾಪೆಯ ಮೇಲೆ ಮಲಗಿಸಿ, ವಿಡಿಯೋ ಮಾಡಲು ಫೋನ್ ತೆಗೆದೆ.

“ಬತ್ಲೆ ಕೂಸ್ನ ಪೋನ್ಗೆ ಇಡುದ್ರೆ ಕಣ್ಣಾಯ್ತದೆ!” ಶಿವಮಲ್ಲಮ್ಮ ಅಡ್ಡ ನಿಂತರು.

ಮಂಗಳಾ ಮಗುವಿನ ಕೆನ್ನೆಗೂ ಅಂಗಾಲಿಗೂ ಕಾಡಿಗೆಯ ಬೊಟ್ಟಿಟ್ಟಳು. ಅತ್ತೆ ಸರಿದರು.

ಚಿತ್ರೀಕರಣ ಮುಗಿಯುವವರೆಗೆ ಯಾರೂ ಮಗುವನ್ನು ಮಾತಾಡಿಸಬಾರದು ಎಂದೆ.

“ಆಡುಸ್ದೆ ಇದ್ರೆ ಅವ್ನ್ಯಾಕ್ ಆಡಾನು?” ಅಜ್ಜಿ ಗೊಣಗಿದರು.

ಮಗು ಸೂರು ನೋಡಿತು. ಕಾಲು ಒಮ್ಮೆ ಬಿರುಸಾಗಿ ಎದ್ದು ಬಿತ್ತು. ಮಣಿಕಟ್ಟು ನೋಡಿದೆ, ಪಾದ ನೋಡಿದೆ. ಆ ಸಣ್ಣ ಹರಿದಾಟ ಎಲ್ಲೂ ಇರಲಿಲ್ಲ.

“ಇಲ್ವಾ, ಮೇಡಂ?” ಮಂಗಳಾ ಕೇಳಿದಳು.

“ಕಾಣ್ತಿಲ್ಲಮ್ಮ. ಕಾಯಿಲೆ ಅಂತ ಖಚಿತವಾಗಿ ಹೇಳಲಾರೆ. ವಿಡಿಯೋ ಇನ್ನೊಬ್ಬರೂ ನೋಡಲಿ. ವ್ಯಾಯಾಮ ಮಾತ್ರ ಈ ವಾರವೇ ಶುರುವಾಗಬೇಕು.”

“ಕಾಯ್ಲೇನೇ ಇಲ್ದಿದ್ರೆ?” ಅಜ್ಜಿಯ ದನಿ ಗಡುಸಾಗಿತ್ತು.

“ವ್ಯಾಯಾಮ ದಂಡವಾಯ್ತು, ಅಷ್ಟೆ.”

ಅವರು ಮೊಮ್ಮಗನನ್ನೇ ನೋಡುತ್ತ ಕೂತರು. “ಕೂಸು ದಂಡ ಆಗೋದ್ಕಿಂತ ಅದೇ ದಂಡ ಆಗ್ಲಿ ಬುಡಿ,” ಅಂದರು.

ವಿಡಿಯೋ ನೋಡಿದ ಮಕ್ಕಳ ನರರೋಗ ತಜ್ಞರದೂ ಅದೇ ಅಭಿಪ್ರಾಯ. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಸೆರೆಬ್ರಲ್ ಪಾಲ್ಸಿ ಖಚಿತವಾಯಿತು. ಅಷ್ಟರಲ್ಲಿ ಅತ್ತೆ ಸೊಸೆ ವ್ಯಾಯಾಮವನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಹುಡುಗ ಈಗ ಗೋಡೆ ಹಿಡಿದು ನಿಲ್ಲುತ್ತಾನೆ. ಬಲಗೈ ಪೂರ್ತಿ ಬಿಚ್ಚುವುದಿಲ್ಲ. ಮುಂದೆ ಎಷ್ಟು ನಡೆಯುತ್ತಾನೋ ಹೇಳಲಾರೆ.

ಅನುಮಾನವನ್ನು ಅನುಮಾನವೆಂದೇ ತಾಯಿಗೆ ಹೇಳಬೇಕು. ಖಚಿತವಾಗಲೆಂದು ನಾವು ಬಾಯಿ ಮುಚ್ಚಿ ಕೂತರೆ, ಕಳೆದುಹೋಗುವುದು ಮಗುವಿನ ತಿಂಗಳುಗಳು.